ತೊಳೆದ ಪಾತ್ರೆಗಳ ಲಿಲಾವು

ಪುರಸಭೆಯ ಕಾಗದದಲ್ಲಿ ನಾನು ಕರ ವಸೂಲಿಗಾರ. ಓಣಿಯಲ್ಲಿ ಮಾತ್ರ ಪಟ್ಟಿಯವ, ಅಂದರೆ ಮನೆ ಪಟ್ಟಿ, ನೀರಿನ ಪಟ್ಟಿ ಕೇಳಲು ಬರುವವನು. ನನ್ನ ಬೈಕಿನ ಸಪ್ಪಳ ಕೇಳಿದ ಕೂಡಲೇ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುವ ಗಂಡಸರನ್ನು ನೋಡಿದ್ದೇನೆ. ಅವರ ಚಪ್ಪಲಿಯ ಪಕ್ಕದಲ್ಲೇ ನಿಂತು "ಅವ್ರು ಹುಬ್ಬಳ್ಳಿಗೆ ಹೋಗ್ಯಾರ್ರಿ" ಎನ್ನುವ ಹೆಂಗಸರನ್ನೂ ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಿತ್ತಲಿಗೇ ಓಡುತ್ತಿದ್ದೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳ ನಡುವೆಯೇ ವರ್ಗವಾಗುತ್ತ ಬಂದವನು ನಾನು. ಈಗ ಹೇಳಹೊರಟದ್ದು ಇವುಗಳಲ್ಲಿ ಯಾವ ಊರಲ್ಲಿ ನಡೆಯಿತೆಂದು ಬರೆಯುವುದಿಲ್ಲ. ಬರೆದರೆ ಒಂದು ಮನೆಗೆ ನೇರವಾಗಿ ಬೆರಳು ತೋರಿಸಿದಂತಾಗುತ್ತದೆ. ಆ ಮನೆಗೆ ಆದದ್ದೇ ಸಾಕು.

ಆ ಮನೆಯಾಕೆಯನ್ನು ಇಡೀ ಊರು ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆಕೆಯ ಕಸುಬು ಪಾತ್ರೆ ಬಾಡಿಗೆಗೆ ಕೊಡುವುದು. ರಸ್ತೆಯ ಕಡೆಯ ದೊಡ್ಡ ಕೋಣೆಯಲ್ಲಿ ಎಡಗೋಡೆಗೆ ದೇಗುಗಳು, ಅಂದರೆ ಒಂದು ಮದುವೆಗೆ ಸಾಲುವಷ್ಟು ಬಿರಿಯಾನಿ ಬೇಯುವ ತಾಮ್ರದ ಪಾತ್ರೆಗಳು. ಬಲಗೋಡೆಗೆ ಹುಗ್ಗಿ, ಸಾರು ಮಾಡುವ ಕೊಪ್ಪರಿಗೆಗಳು. ಎಡಗಡೆಯವು ಮಾಂಸದವು, ಬಲಗಡೆಯವು ಮಾಂಸ ಕಾಣದವು. ಎರಡನ್ನೂ ಒಂದೇ ನೀರಿನಲ್ಲಿ ತೊಳೆಯುತ್ತಿರಲಿಲ್ಲ. ತಿಕ್ಕುವ ತೆಂಗಿನ ನಾರು ಕೂಡ ಬೇರೆ. ಈ ಕಟ್ಟುನಿಟ್ಟು ಗೊತ್ತಿದ್ದರಿಂದಲೇ ಲಿಂಗಾಯತರ ಮನೆಯ ವೀರಭದ್ರನ ಗುಗ್ಗಳಕ್ಕೂ, ಸೀಮಂತಕ್ಕೂ, ಸತ್ತವರ ದಿನಕ್ಕೂ ಆಪಾನ ಕೊಪ್ಪರಿಗೆಯೇ ಬೇಕಿತ್ತು.

ಪಾತ್ರೆಗಳ ಕುತ್ತಿಗೆಯ ಮೇಲೆ ಉಳಿಯಿಂದ ಚುಕ್ಕಿ ಹೊಡೆದ ಹೆಸರುಗಳಿದ್ದವು. ಕೆಲವು ಕನ್ನಡದಲ್ಲಿ, ಕೆಲವು ಉರ್ದುವಿನಲ್ಲಿ. ಒಂದು ಮನೆಯ ಕಾರ್ಯ ಚೆಂದವಾಗಿ ಸಾಗಿತೆಂದರೆ, ಕೈಲಾದವರು ಒಂದು ಹೊಸ ಪಾತ್ರೆ ಮಾಡಿಸಿ, ತಮ್ಮ ಹಿರಿಯರ ಹೆಸರು ಹೊಡೆಸಿ ಆಪಾನ ಮನೆಗೆ ಕೊಡುವುದು ಆ ಊರಿನ ರೂಢಿ. ಆಕೆಯ ಅತ್ತೆಯ ಕಾಲದಿಂದ ನಡೆದುಬಂದಿತ್ತು. ಕೊಟ್ಟ ಮೇಲೆ ಅದು ಆಪಾನದು. ಕೊಟ್ಟವರೇ ಮತ್ತೆ ಒಯ್ದರೂ ಬಾಡಿಗೆ ಕೊಟ್ಟೇ ಒಯ್ಯುತ್ತಿದ್ದರು.

ಈ ಕೋಣೆಯೇ ಆಕೆಗೆ ಮುಳುವಾಯಿತು. ಆಸ್ತಿಗಳ ಮರು ಸಮೀಕ್ಷೆಗೆ ಹೊರಗಿನಿಂದ ಗುತ್ತಿಗೆಯ ಮೇಲೆ ಬಂದವರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು. ಒಳಗೆ ಪಾತ್ರೆಯ ರಾಶಿ ಕಂಡದ್ದರಿಂದ ಮನೆಯನ್ನು "ವಾಣಿಜ್ಯ, ಗೋದಾಮು" ಎಂದು ಬರೆದರು. ಪಟ್ಟಿ ಒಮ್ಮೆಲೇ ಹಲವು ಪಟ್ಟು ಏರಿತು. ಆಪಾ ಹಳೆಯ ಲೆಕ್ಕದ ಪ್ರಕಾರವೇ ದುಡ್ಡು ತಂದಳು. ಹೊಸ ಬೇಡಿಕೆಗೆ ಕಡಿಮೆಯಾದ ಹಣವನ್ನು ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ತಕರಾರು ಅರ್ಜಿ ನಾನೇ ಬರೆದುಕೊಟ್ಟೆ. ಅದು ಮೇಲೆ ಹೋಯಿತು, ಮೇಲೆಯೇ ಉಳಿಯಿತು. ಬಡ್ಡಿ ಮತ್ತು ದಂಡ ಮಾತ್ರ ಯಾವ ಅರ್ಜಿಗೂ ಕಾಯದೆ ಬೆಳೆದವು.

ವಸೂಲಿಗೆ ಒಂದು ಕ್ರಮವಿದೆ. ಮೊದಲು ಬಿಲ್ಲು, ಆಮೇಲೆ ಬೇಡಿಕೆ ನೋಟಿಸು, ಅದಕ್ಕೂ ತುಂಬದಿದ್ದರೆ ಜಪ್ತಿ ವಾರಂಟು. ಕೋರ್ಟಿನ ಬೇಲಿಫ್ ಬರಬೇಕಾಗಿಲ್ಲ, ಮುಖ್ಯಾಧಿಕಾರಿ ಸಹಿ ಹಾಕಿದರೆ ನಮ್ಮಂಥವರೇ ಬೇಲಿಫರು. ಇಬ್ಬರು ಪಂಚರನ್ನು ಕರೆದುಕೊಂಡು, ಹಗಲಿನಲ್ಲೇ ಹೋಗಿ, ಸಾಮಾನಿನ ಯಾದಿ ಮಾಡಿ ತರಬೇಕು. ಮುಟ್ಟಬಾರದವೂ ಇವೆ: ಉಡುವ ಬಟ್ಟೆ, ಹಾಸಿಗೆ, ತಾಳಿ, ಮನೆಯವರು ತಮಗಾಗಿ ಅಡುಗೆ ಮಾಡಿಕೊಳ್ಳುವ ಪಾತ್ರೆ, ಕಸುಬುದಾರನ ಹತಾರ.

ಈ ಕೊನೆಯ ಮಾತು ಹಿಡಿದುಕೊಂಡು ನಾನು ಮುಖ್ಯಾಧಿಕಾರಿಗಳ ಕೋಣೆಗೆ ಹೋದೆ.

"ಸರ್, ಆ ಪಾತ್ರಿ ಅಂದ್ರ ಆಕಿ ಹತಾರ ಇದ್ದಂಗ. ಜಪ್ತಿ ಮಾಡಾಕ ಬರೂದಿಲ್ಲ" ಎಂದೆ.

ಅವರು ಕೆಟ್ಟ ಮನುಷ್ಯರಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೈಸೂರು ಕಡೆಯವರು. ಎದುರಿಗೆ ವಸೂಲಿಯ ತಖ್ತೆ ಇತ್ತು. ಕಸ ಎತ್ತುವ ಪೌರಕಾರ್ಮಿಕರ ಪಗಾರ ಆಗಿರಲಿಲ್ಲ. ಅವರು ಅದೇ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಎದ್ದುಹೋಗಿದ್ದರು.

"ಹತಾರ ಅಂದರೆ ಸ್ವತಃ ಕೆಲಸ ಮಾಡುವುದಕ್ಕೆ ಬಳಸುವುದು. ಆಕೆ ಅದರಲ್ಲಿ ಅಡುಗೆ ಮಾಡ್ತಾರಾ? ಬಾಡಿಗೆಗೆ ಕೊಡ್ತಾರೆ. ಹಾಗಾದರೆ ಅದು ಸರಕು" ಎಂದರು. "ನನಗೂ ಬೇಜಾರೇ. ಆದರೆ ಒಂದು ದೊಡ್ಡ ಬಾಕಿಯ ಮೇಲೆ ಕ್ರಮ ತಗೊಂಡೆವು ಅಂತ ಈ ಸಲದ ಸಭೆಯಲ್ಲಿ ತೋರಿಸಲೇಬೇಕು."

ಊರಲ್ಲಿ ಅದಕ್ಕಿಂತ ದೊಡ್ಡ ಬಾಕಿಗಳಿದ್ದವು. ಒಂದು ಕಲ್ಯಾಣ ಮಂಟಪ, ಎರಡು ಅಕ್ಕಿ ಗಿರಣಿ. ಆದರೆ ಅವರ ವಕೀಲರು ತಡೆಯಾಜ್ಞೆ ತಂದಿದ್ದರು. ಆಪಾನ ಹತ್ತಿರ ಇದ್ದದ್ದು ನಾನು ಬರೆದುಕೊಟ್ಟ ಅರ್ಜಿ. ಆದರೂ ವಾರಂಟು ತೆಗೆದುಕೊಂಡು ಹೊರಬಂದೆ, ಯಾಕೆಂದರೆ ನಾನು ಹೋಗದಿದ್ದರೆ ಬೇರೆ ಯಾರೋ ಹೋಗುತ್ತಿದ್ದರು, ಮತ್ತು ಅವರು ಹಾಸಿಗೆಯನ್ನೂ ಬಿಡುತ್ತಿರಲಿಲ್ಲ. ಹೀಗೆ ಅಂದುಕೊಳ್ಳದೆ ಈ ನೌಕರಿ ಮಾಡಲಾಗುವುದಿಲ್ಲ.

ಜಪ್ತಿಯ ದಿನ ಆಪಾ ಅಳಲಿಲ್ಲ, ಬೈಯಲಿಲ್ಲ. ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು. ನಮ್ಮ ಜೊತೆ ಬಂದ ಕಾರ್ಮಿಕರ ಮದುವೆಗಳೂ ಇದೇ ಪಾತ್ರೆಗಳಲ್ಲಿ ಆಗಿದ್ದವು. ಅವರು ಆಕೆಯ ಮುಖ ನೋಡದೆ ಎತ್ತತೊಡಗಿದರು. ನಾನು ಬಾಗಿಲ ಬಳಿ ಕೂತು ಯಾದಿ ಬರೆದೆ: ತಾಮ್ರದ ದೇಗು, ಒಳಗೆ ಕಲಾಯಿ, ಕುತ್ತಿಗೆಯ ಮೇಲೆ ಇಂಥವರ ಹೆಸರು. ಒಂದೂ ಬಿಡದೆ ಹೆಸರುಗಳನ್ನೆಲ್ಲ ಬರೆದೆ. ಅದರ ಹಿಂದೆ ನನ್ನದೊಂದು ಲೆಕ್ಕಾಚಾರವಿತ್ತು.

ಎಲ್ಲಕ್ಕಿಂತ ದೊಡ್ಡ ದೇಗಿಗೆ ಮುಚ್ಚಳವಿರಲಿಲ್ಲ.

"ಮುಚ್ಚಳಾ ಎಲ್ಲೈತ್ರಿ ಆಪಾ?"

"ಹುಲಗೂರಿಗೆ ಹೋಗೇತ್ರಿ ಸಾಹೇಬ್ರ. ದರ್ಗಾಕ್ಕ ಊಟಾ ಮಾಡ್ಸಾಕ ಒಯ್ದವ್ರು ದೇಗು ತಂದು ಕೊಟ್ರು, ಮುಚ್ಚಳಾ ಮರ್ತ ಬಂದಾರ. ಬರ್ತೈತಿ."

"ಮುಚ್ಚಳವಿಲ್ಲ" ಎಂದು ಬರೆದುಕೊಂಡೆ.

ಆಕೆ ಕೂಗಿದ್ದು ಒಮ್ಮೆ ಮಾತ್ರ. ಟ್ರ್ಯಾಕ್ಟರಿನಲ್ಲಿ ಜಾಗ ಉಳಿಸಲು ಕಾರ್ಮಿಕರು ಒಂದು ಕೊಪ್ಪರಿಗೆಯನ್ನು ದೇಗಿನೊಳಗೆ ಇಳಿಸಲು ಹೋದರು. ಆಪಾ ಓಡಿಬಂದು ಕೊಪ್ಪರಿಗೆಯ ಬಳೆ ಹಿಡಿದಳು. "ಬ್ಯಾಡ್ರೋ! ಆ ಸಾಲಿಂದು ಈ ಸಾಲಿಗೆ ಹಚ್ಚಬ್ಯಾಡ್ರಿ! ನಾಳೆ ಮಂದಿ ಹೆಂಗ ಉಣಬೇಕು?"

ನಾಳೆ! ಆಕೆಗೆ ಅವು ವಾಪಸು ಬರುತ್ತವೆಂಬ ನಂಬಿಕೆ ಇತ್ತು. ಬಾಡಿಗೆಗೆ ಹೋದದ್ದು ಬರಲೇಬೇಕಲ್ಲ. ನಾನು ಪಾತ್ರೆಗಳನ್ನು ಇಳಿಸಿಸಿ, ಎರಡು ಸರತಿಯಲ್ಲಿ ಒಯ್ಯುವಂತೆ ಹೇಳಿದೆ. ಡ್ರೈವರ್ ಡೀಸೆಲ್ ಲೆಕ್ಕ ಹೇಳಿ ಗೊಣಗಿದ. ಆ ಡೀಸೆಲ್ಲೂ ಆಮೇಲೆ ಆಕೆಯ ಲೆಕ್ಕಕ್ಕೇ ಬಿತ್ತು. ಪುರಸಭೆಯ ಗೋದಾಮಿನಲ್ಲೂ ಎರಡು ಗೋಡೆಗೆ ಬೇರೆ ಬೇರೆಯಾಗಿ ಇಡಿಸಿದೆ.

ಈಗ ನನ್ನ ಲೆಕ್ಕಾಚಾರಕ್ಕೆ ಬರುತ್ತೇನೆ. ಬಾಕಿದಾರನದಲ್ಲದ ಸಾಮಾನನ್ನು ಮಾರಲು ಬರುವುದಿಲ್ಲ. "ಇದರ ಮೇಲೆ ನಮ್ಮ ಅಪ್ಪನ ಹೆಸರಿದೆ, ಇದು ನಮ್ಮದು" ಎಂದು ಯಾರಾದರೂ ಒಂದು ತಕರಾರು ಬರೆದುಕೊಟ್ಟರೆ ಆ ಪಾತ್ರೆಯ ಲಿಲಾವು, ಅಂದರೆ ಹರಾಜು, ನಿಲ್ಲುತ್ತದೆ. ಎಲ್ಲರೂ ಕೊಟ್ಟರೆ ಎಲ್ಲವೂ ನಿಲ್ಲುತ್ತವೆ. ಸಂಜೆ ಹೊತ್ತು, ಕಚೇರಿಯವನಾಗಿ ಅಲ್ಲದೆ ಮಾಮೂಲಿ ಮನುಷ್ಯನಾಗಿ, ಯಾದಿಯಲ್ಲಿದ್ದ ಮನೆಗಳಿಗೆ ಹೋದೆ. ಕೇಳಿದ ಮನೆಯಲ್ಲೆಲ್ಲ ಚಹಾ ಕೊಟ್ಟರು. ಒಂದು ಮನೆಯಲ್ಲಿ ಸವಣೂರು ಖಾರ ತರಿಸಿ ತಟ್ಟೆಯಲ್ಲಿಟ್ಟರು. ಸಹಿ ಮಾತ್ರ ಯಾರೂ ಹಾಕಲಿಲ್ಲ.

"ಕೊಟ್ಟ ಪಾತ್ರಿ ನಮ್ಮದು ಅಂತ ಹೆಂಗ ಬರಿಯೂಣ್ರಿ?" ಎಂದರು ಒಬ್ಬ ಹಿರಿಯರು. "ನಮ್ಮಪ್ಪ ಕೈಯೆತ್ತಿ ಕೊಟ್ಟಾನ. ನಾ ಹೋಗಿ ವಾಪಸ್ ಕೇಳಿದ್ರ ಅಂವಾ ಗೋರಿಯಾಗ ಹೊಳ್ಳಿ ಮಲಗ್ತಾನ."

"ವಾಪಸ್ ಕೇಳೂದಲ್ಲರಿ, ಕಾಗದದ ಮ್ಯಾಲ ಅಷ್ಟ. ಬಿಡಿಸ್ಕೊಂಡು ಆಕಿಗೇ ಕೊಟ್ಟಬಿಡ್ರಿ."

"ಕಾಗದದ ಮ್ಯಾಲ ಅಂದ್ರೂ ಸುಳ್ಳ ಸುಳ್ಳೇ ಅಲ್ಲೇನ್ರಿ?"

ಲಿಂಗಾಯತರ ಓಣಿಯಲ್ಲೂ ಅದೇ ಉತ್ತರ, ಗೋರಿಯ ಬದಲು ಗದ್ದುಗೆ. ಆಪಾನಿಗೆ ಹೇಳಿದಾಗ ಆಕೆಯೂ, "ಅವ್ರ ಖರೇನ ಹೇಳ್ಯಾರ ಬಿಡ್ರಿ" ಎಂದಳು. ನನಗೆ ಆ ಊರಿನ ಒಳ್ಳೆಯತನದ ಮೇಲೆಯೇ ಸಿಟ್ಟು ಬಂತು. ಕಲ್ಯಾಣ ಮಂಟಪದವರಿಗೆ ಇಂಥ ತೊಂದರೆ ಇರಲಿಲ್ಲ.

ಇನ್ನೊಂದೇ ದಾರಿ ಉಳಿದಿತ್ತು. ಲಿಲಾವಿನಲ್ಲಿ ಊರಿನವರೇ ಕೂಗಿ ಪಾತ್ರೆಗಳನ್ನು ಕೊಂಡು ಆಪಾನಿಗೆ ಹಿಂದಿರುಗಿಸುವುದು. ಪುರಸಭೆಯ ನೌಕರ ಕೂಗುವಂತಿಲ್ಲ, ಇಲ್ಲದಿದ್ದರೆ ಸಾಲ ಮಾಡಿಯಾದರೂ ಒಂದೆರಡು ನಾನೇ ತೆಗೆದುಕೊಳ್ಳುತ್ತಿದ್ದೆ. ಆದರೆ ನಮ್ಮ ಕಡೆ ಜಪ್ತಿಯ ಸಾಮಾನನ್ನು ಊರಿನವರು ಕೊಳ್ಳುವುದಿಲ್ಲ. ಕಣ್ಣೀರಿಟ್ಟ ಮನೆಯ ಸಾಮಾನು ನಮ್ಮ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ನಮ್ಮ ಗೋದಾಮಿನಲ್ಲಿ ಹಿಂದೆ ತಂದ ಹೊಲಿಗೆ ಯಂತ್ರ, ಕಪಾಟು, ಟಿವಿಗಳು ಕೂಗುವವರಿಲ್ಲದೆ ತುಕ್ಕು ಹಿಡಿದಿದ್ದವು. ಆಪಾನವೂ ಹಾಗೇ ಉಳಿದುಬಿಟ್ಟರೆ ಎಂದು ಮೊದಲು ಆಸೆಪಟ್ಟಿದ್ದೆ. ಆದರೆ ತಾಮ್ರ ತುಕ್ಕು ಹಿಡಿಯುವ ಮಾಲಲ್ಲ. ಮುಖ್ಯಾಧಿಕಾರಿಗಳು ಹೊರಗಿನ ಒಬ್ಬ ಗುಜರಿ ವ್ಯಾಪಾರಿಗೆ ಸುದ್ದಿ ಮುಟ್ಟಿಸಿದ್ದರು.

ಆಗ ನಾನು ಒಬ್ಬ ಅಡಿಕೆ ಸಾವಕಾರರ ಹತ್ತಿರ ಹೋದೆ. ಹಾನಗಲ್ ಪೇಟೆಯಲ್ಲಿ ವ್ಯವಹಾರವಿದ್ದವರು, ಮಾತಿಗೆ ತಪ್ಪದವರು ಎಂದು ಹೆಸರಿದ್ದವರು. ಅವರ ಮೂವರು ಹೆಣ್ಣುಮಕ್ಕಳ ಮದುವೆಯೂ ಆಪಾನ ಕೊಪ್ಪರಿಗೆಯಲ್ಲೇ ಆಗಿತ್ತು. ಕಸುಬಿನಲ್ಲಿ ನಾನು ಮಾಡಬಾರದ್ದನ್ನು ಮಾಡುತ್ತಿದ್ದೆ. ಲಿಲಾವು ನಡೆಸುವವನೇ ಕೂಗುವವರನ್ನು ಹುಡುಕಿ ಒಪ್ಪಿಸುವುದು ಗೊತ್ತಾದರೆ ನನ್ನ ನೌಕರಿ ಹೋಗುತ್ತಿತ್ತು. ಹೋಗಲಿ ಎಂದು ತೀರ್ಮಾನಿಸಿಯೇ ಅವರ ಕಟ್ಟೆ ಹತ್ತಿದೆ.

ಸಾವಕಾರರು ಪೂರ್ತಿ ಕೇಳಿ, ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನಮ್ಮ ಮನಿಗೆ ತರೂದು ಬ್ಯಾಡಲ್ಲ?" ಎಂದು ಕೇಳಿದರು.

"ಬ್ಯಾಡ್ರಿ. ಕೂಗ್ರಿ, ರೊಕ್ಕಾ ಕಟ್ರಿ. ಗೋದಾಮಿನಿಂದ ಸೀದಾ ಆಪಾನ ಮನಿಗೆ ನಾ ಕಳಸ್ತೇನಿ."

"ಆತು. ಎಲ್ಲಾ ಕೂಗ್ತೇನಿ ತಗೋ. ಆಕಿಗಿ ಮದಲ ಹೇಳಬ್ಯಾಡ. ಉಪಕಾರ ಅನ್ನೂದು ಗೊತ್ತಾದ್ರ ಆಕಿ ಒಪ್ಪಾಕಿಲ್ಲ."

ಅದು ನಿಜವೇ ಇತ್ತು. ನಾನು ಆಪಾನ ಹತ್ತಿರ ಹೋಗಿ, "ಲಿಲಾವಿನ ದಿನ ನೀವು ಆ ಕಡೆ ಬರಬ್ಯಾಡ್ರಿ. ಮನ್ಯಾಗ ಇರ್ರಿ" ಎಂದಷ್ಟೇ ಹೇಳಿದೆ. ಆ ಕೆಲವು ದಿನ ನಾನು ಬಹಳ ಹಗುರಾಗಿದ್ದೆ. ಕಚೇರಿಯಲ್ಲಿ ಸಿಳ್ಳೆ ಹಾಕಿದೆನೆಂದು ಗುಮಾಸ್ತರು ಚೇಷ್ಟೆ ಮಾಡಿದರು.

ಲಿಲಾವಿನ ಬೆಳಿಗ್ಗೆ ಗೋದಾಮಿನ ಬೀಗ ತೆಗೆಸಿ, ಪಾತ್ರೆಗಳನ್ನು ಅಂಗಳಕ್ಕೆ ತರಿಸಿ, ಕಚೇರಿಯಲ್ಲಿ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಹೊರಬಂದರೆ ಆಪಾ ಅಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಳದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ದೇಗು ತಿಕ್ಕುತ್ತಿದ್ದಳು. ಕೊಪ್ಪರಿಗೆಗಳ ಪಾಳಿ ಮುಗಿದಿತ್ತು. ಅವು ಬೇರೆ ಸಾಲಿನಲ್ಲಿ, ಬಿಸಿಲಿಗೆ ಬೋರಲು ಬಿದ್ದು ಹೊಳೆಯುತ್ತಿದ್ದವು.

"ಬರಬ್ಯಾಡಂತ ಹೇಳಿದ್ನಲ್ಲರಿ ಆಪಾ!" ನನ್ನ ದನಿ ಏರಿತು.

"ತೊಳೀಲಾರದ ಪಾತ್ರಿ ನಾ ಎಂದರ ಹೊರಗ ಕೊಟ್ಟೇನೇನ್ರಿ ಸಾಹೇಬ್ರ? ಗೋದಾಮಿನಾಗ ಇಲಿ ಓಡ್ಯಾಡ್ಯಾವು. ತಗೊಳ್ಳಾವ್ರು ಯಾರರ ಆಗಲಿ, ಮದಲ ಅನ್ನಾ ಬೇಯಿಸ್ತಾರ. ಆಪಾನ ಪಾತ್ರಿ ಹೊಲಸಿದ್ವು ಅನಬಾರ್ದು."

ಎಬ್ಬಿಸಲು ನೋಡಿದೆ. ಏಳಲಿಲ್ಲ. ನಾಲ್ಕು ಉಳಿದಾವ್ರಿ ಎಂದಳು, ಮೂರು ಉಳಿದಾವ್ರಿ ಎಂದಳು. ಅಷ್ಟರಲ್ಲಿ ಗುಜರಿಯವನ ಲಾರಿ ಬಂತು. ಊರಿನವರು ಬಂದು ಕಂಪೌಂಡಿನ ಗೋಡೆಯುದ್ದಕ್ಕೂ ನಿಂತರು. ಕೂಗಲು ಬಂದವರಲ್ಲ, ಸತ್ತವರ ಮಣ್ಣಿಗೆ ಬಂದವರ ಹಾಗೆ ಸುಮ್ಮನೆ ನಿಂತವರು. ಸಾವಕಾರರೂ ಬಂದರು. ಬಿಳಿ ಟೋಪಿ, ಕಂಕುಳಲ್ಲಿ ಚೀಲ. ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ನನಗೆ ಜೀವ ಬಂತು.

ಆಮೇಲೆ ಅವರು ನಳದ ಕಡೆ ನೋಡಿದರು.

ನಾನು ಮೊದಲ ಪಾತ್ರೆಯ ಸರಕಾರಿ ಬೆಲೆ ಓದಿದೆ. ಕುತ್ತಿಗೆಯ ಮೇಲಿನ ಹೆಸರನ್ನೂ ಓದಬೇಕಾಯಿತು, ಯಾದಿಯಲ್ಲಿ ಹಾಗೇ ಇತ್ತು. ಗುಜರಿಯವ ಕೂಗಿದ. ನಾನು ಸಾವಕಾರರತ್ತ ತಿರುಗಿದೆ. "ಇನ್ಯಾರರ ಅದೀರೇನ್ರಿ?" ಎಂದೆ. ಆಪಾ ಕೊನೆಯ ದೇಗಿನ ಮೇಲೆ ನೀರು ಸುರುವುತ್ತಿದ್ದಳು. ಸಾವಕಾರರ ಬಾಯಿ ತೆರೆಯಿತು, ಮುಚ್ಚಿತು. ಮತ್ತೊಮ್ಮೆ ಕೇಳಿದೆ. ನಿಯಮ ಮೂರು ಸಲ ಎನ್ನುತ್ತದೆ, ನಾನು ಎಷ್ಟು ಸಲ ಕೇಳಿದೆನೋ ನೆನಪಿಲ್ಲ. ಗುಜರಿಯವ ನಗುತ್ತ, "ಸಾಹೇಬ್ರ, ಇವತ್ತ ಮುಗೀತೈತೋ ಇಲ್ಲೋ?" ಎಂದ. ಸಾವಕಾರರು ತಲೆ ತಗ್ಗಿಸಿದರು. ಎರಡನೆಯ ಪಾತ್ರೆಗೂ, ಮೂರನೆಯದಕ್ಕೂ ಹಾಗೇ ಆಯಿತು. ಆಮೇಲೆ ತಿರುಗಿ ನೋಡಿದರೆ ಅವರು ಅಲ್ಲಿರಲಿಲ್ಲ.

ಸಂಜೆ ಅವರ ಕಟ್ಟೆಗೆ ಜಗಳಕ್ಕೇ ಹೋದೆ. ಅವರು ದೀಪ ಹಾಕದೆ ಕೂತಿದ್ದರು. "ಆಕಿ ನನ್ನ ಮಗಳ ಮದುವಿ ದಿನಾ ಹಂಗ ಕುಂತು ತಿಕ್ಕತಿದ್ಲು" ಎಂದರು. "ಆಕಿ ಕಣ್ಣೆದುರಿಗೆ ಆಕಿ ಪಾತ್ರಿಗೆ ರೇಟ್ ಹೆಂಗ ಕೂಗ್ಲೋ ತಮ್ಮಾ? ನಾಲಿಗಿ ಏಳಲಿಲ್ಲ." ನಾನು ಬೈಯಲೆಂದು ಹೋದವನು ಬೈಯದೆ ಬಂದೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಆದರೆ ಅದಕ್ಕೂ ಮೊದಲು, ಮಧ್ಯಾಹ್ನವೇ, ಎಲ್ಲ ಮುಗಿದುಹೋಗಿತ್ತು. ಖಾಲಿ ಪಾತ್ರೆ ಲಾರಿಯಲ್ಲಿ ಜಾಗ ತಿನ್ನುತ್ತದೆ. ಗುಜರಿಯವನ ಆಳುಗಳು ಕಬ್ಬಿಣದ ದೊಡ್ಡ ಸುತ್ತಿಗೆ ಇಳಿಸಿದರು. ದೇಗು, ಕೊಪ್ಪರಿಗೆ ಎಲ್ಲವನ್ನೂ ಒಂದೇ ರಾಶಿ ಹಾಕಿ, ಒಂದೊಂದಾಗಿ ಉರುಳಿಸಿ ಬಡಿದರು. ತಾಮ್ರ ಮೆತ್ತಗಿನ ಲೋಹ, ನಾಲ್ಕೈದು ಏಟಿಗೆ ಮಡಚಿಕೊಳ್ಳುತ್ತದೆ. ತಿಕ್ಕಿದ ಹೊಳಪು ಹಾಗೇ ಇತ್ತು. ಈ ಸಲ ಆಪಾ ಆ ಸಾಲು ಈ ಸಾಲು ಎಂದು ಕೂಗಲಿಲ್ಲ. ಉಳಿದ ಹುಣಸೆಹಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಕೈ ಒರೆಸಿಕೊಂಡು ಹೋದಳು. ಕಂಪೌಂಡಿನ ಗೋಡೆಗೆ ನಿಂತವರು ದಾರಿ ಬಿಟ್ಟರು.

ಬಂದ ಹಣದಲ್ಲಿ ಮೊದಲು ಜಪ್ತಿಯ ಖರ್ಚು ಕಳೆಯಬೇಕು: ಟ್ರ್ಯಾಕ್ಟರು, ಹಮಾಲಿ, ಗೋದಾಮು, ಪ್ರಕಟಣೆ. ಆಮೇಲೆ ದಂಡ, ಆಮೇಲೆ ಬಡ್ಡಿ. ಅಸಲಿಗೆ ಬರುವಷ್ಟರಲ್ಲಿ ಹಣ ಮುಗಿದಿತ್ತು. ಅಸಲು ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು. ಸಭೆಯಲ್ಲಿ ಮುಖ್ಯಾಧಿಕಾರಿಗಳಿಗೆ ಶಾಬಾಸ್‌ಗಿರಿ ಸಿಕ್ಕಿತು. ಪೌರಕಾರ್ಮಿಕರ ಪಗಾರ ಆಮೇಲೂ ತಡವೇ ಆಯಿತು.

ಮಳೆಗಾಲ ಮುಗಿದ ಮೇಲೆ ಮೇಲಿದ್ದ ನಮ್ಮ ಅರ್ಜಿ ಇಳಿದು ಬಂತು. ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಿ ಎಂದು ಅದರ ಮೇಲೆ ಬರೆದಿತ್ತು. ನಾನೇ ಹೋಗಿ ನೋಡಿ ಬರೆದೆ: ಕೋಣೆಯಲ್ಲಿ ಯಾವ ಸರಕೂ ಇಲ್ಲ. ಮನೆಯನ್ನು "ವಾಸ" ಎಂದು ಬದಲಿಸಿದರು, ಮುಂದಿನ ವರ್ಷಕ್ಕೆ ಅನ್ವಯಿಸುವಂತೆ. ಹಳೆಯ ಬಾಕಿ ಗೋದಾಮಿನ ದರದಲ್ಲೇ ನಿಂತಿತು. ಅದಕ್ಕೆ ಹೊಸದಾಗಿ ಬೇಡಿಕೆ ನೋಟಿಸು ಹೊರಟಿತು, ಕೊಟ್ಟುಬರಬೇಕಾದವನು ನಾನು.

ಆಪಾ ಬಾಗಿಲು ತೆರೆದಳು. ಈಗ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯಲು ಹೋಗುತ್ತಿದ್ದಳು, ಬೆರಳುಗಳಲ್ಲಿ ಹಿಟ್ಟು ಒಣಗಿತ್ತು. ಖಾಲಿ ಕೋಣೆಯ ನೆಲದ ಮೇಲೆ ದೇಗು ಕೂತಿದ್ದ ಜಾಗಗಳು ದುಂಡಗೆ ಇನ್ನೂ ಕಾಣುತ್ತಿದ್ದವು. ನೋಟಿಸು ತೆಗೆದುಕೊಂಡು ಉರ್ದುವಿನಲ್ಲಿ ಸಹಿ ಮಾಡಿದಳು. "ನಿಂದರ್ರಿ, ಹೋಗಬ್ಯಾಡ್ರಿ" ಎಂದು ಒಳಗೆ ಹೋದಳು.

ನೀರು ತರಲು ಹೋದಳೆಂದುಕೊಂಡೆ. ಎರಡೂ ಕೈಯಲ್ಲಿ ಎದೆಗವಚಿಕೊಂಡು ತಂದದ್ದು ತಾಮ್ರದ ದೊಡ್ಡ ಮುಚ್ಚಳ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಮುಖ ಕಾಣುವ ಹಾಗಿತ್ತು.

"ಹುಲಗೂರಿನವ್ರು ತಂದು ಕೊಟ್ರು. ಅವತ್ತ ನಿಮ್ಮ ಯಾದ್ಯಾಗ ಬರೀಲಾಕ ಆಗಿದ್ದಿಲ್ಲಲ್ರಿ, ತಗೋರಿ. ಬಾಕಿಗೆ ಹಿಡ್ಕೋರಿ."

"ಆಪಾ, ಇದು ಬ್ಯಾಡ್ರಿ. ಇದಕ್ಕ ವಾರಂಟ್ ಇಲ್ಲ. ಇದೊಂದರ ನಿಮ್ಮ ಹತ್ರ ಇರಲಿ" ಎಂದೆ.

ಆಕೆ ನನ್ನ ಕೈಗೆ ಅದನ್ನು ಇಟ್ಟೇಬಿಟ್ಟಳು. ನೆನೆಸಿದ್ದಕ್ಕಿಂತ ಭಾರವಿತ್ತು.

"ಮುಚ್ಚಳಾ ಒಂದ ಇಟ್ಕೊಂಡು ನಾ ಏನ್ ಮುಚ್ಚಲ್ರಿ ಸಾಹೇಬ್ರ?"